ಮೂರನೆಯ ಯಂತ್ರದ ನೊರೆ

೧೪ ಸೆಪ್ಟೆಂಬರ್ ೧೯೯೮, ಸೋಮವಾರ. ಬೆಳಿಗ್ಗೆ ಏಳಕ್ಕೆ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಪಡುವಣ ಗಾಳಿ.

ಮೂರೂವರೆ ತಿಂಗಳ ನಂತರ ಈ ಪುಸ್ತಕವನ್ನು ತೆರೆದಿದ್ದೇನೆ. ಕೊನೆಯ ಬರಹ ಮೇ ೨೯ರದು. ಆಮೇಲಿನ ಹಾಳೆಗಳು ಖಾಲಿ ಉಳಿದ ಕಾರಣವನ್ನು ಒಂದೇ ವಾಕ್ಯದಲ್ಲಿ ದಾಖಲಿಸುತ್ತೇನೆ: ನನ್ನ ಹೆಂಡತಿ ನಿಕಾನೊರಾ ಜೂನ್ ೧೭ರಂದು ನ್ಯುಮೋನಿಯಾದಿಂದ ತೀರಿಕೊಂಡಳು. ಆ ವಿಷಯವನ್ನು ವಿಸ್ತರಿಸುವುದು ಈ ಪುಸ್ತಕದ ಉದ್ದೇಶವಲ್ಲ.

ಉದ್ದೇಶ ಯಂತ್ರ. ಕಿನೋವಾ ಕಾಳಿನ ಮೇಲೊಂದು ಕಹಿ ಸಿಪ್ಪೆಯಿದೆ. ಅದನ್ನು ಬಿಡಿಸಲು ನಮ್ಮ ಹೆಂಗಸರು ಕಾಳು ಹುರಿದು, ಬಿಳಿ ಜೇಡಿಮಣ್ಣು ಬೆರೆಸಿ, ಕಲ್ಲುತೊಟ್ಟಿಯಲ್ಲಿ ನಿಂತು ಬರಿಗಾಲಲ್ಲಿ ತುಳಿಯುತ್ತಾರೆ. ಮೂವತ್ತೊಂದು ವರ್ಷ ಈ ಊರಿನ ಶಾಲೆಯಲ್ಲಿ ಗಣಿತ ಕಲಿಸಿದೆ. ಅಷ್ಟೂ ವರ್ಷ ನಿಕಾನೊರಾಳ ಮಂಡಿಗಳು ಸವೆಯುವುದನ್ನು ಕಂಡೆ. ಮದುವೆಯಾದ ವರ್ಷವೇ ಮಾತು ಕೊಟ್ಟಿದ್ದೆ, ನಿನ್ನ ಕಾಲಿಗೆ ಬಿಡುವು ಕೊಡುವ ಯಂತ್ರವೊಂದನ್ನು ಮಾಡುತ್ತೇನೆಂದು. ಮೊದಲನೆಯದು ಈಗ ಕೋಳಿಗೂಡು. ಎರಡನೆಯದರ ಡ್ರಮ್ಮು ಬಿರಿಯಿತು. ಮೂರನೆಯದು ಗೆದ್ದಿತು. ಸೈಕಲ್ ಪೆಡಲು, ಚೈನು, ಎಣ್ಣೆಯ ಡ್ರಮ್ಮು, ಒಳಗೆ ತಿರುಗುವ ಕಬ್ಬಿಣದ ಅಲಗುಗಳು: ಎಲ್ಲ ಸೇರಿ ಹೊರೆ ಹೊರುವ ಎರಡು ಲಾಮಾ ಪ್ರಾಣಿಗಳ ಬೆಲೆಯನ್ನು ಮೀರುವುದಿಲ್ಲ. ಒಬ್ಬ ಹೆಂಗಸು ಒಂದೇ ಸ್ಪ್ಯಾನರಿನಿಂದ ರಿಪೇರಿ ಮಾಡಿಕೊಳ್ಳಬಹುದು. ಹನ್ನೊಂದು ಪ್ರಯೋಗ, ಹನ್ನೊಂದೂ ಯಶಸ್ವಿ.

ಬೆಳೆಗಾರರ ಸಂಘದ ಅಧ್ಯಕ್ಷ ಸೆವೆರೊ ಲೂಪಾ ನಿನ್ನೆ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಕಾನೊರಾಳ ಕುರ್ಚಿಯ ಕಡೆ ನೋಡಿ, ಆಮೇಲೆ ವಿಷಯಕ್ಕೆ ಬಂದ. "ಮೇಷ್ಟ್ರೇ, ಮೂರು ಹಟ್ಟಿಗೂ ಸೇರಿ ಏಳು ಯಂತ್ರ ಮಾಡ್ಸೋಣ ಅಂತಿದೀವಿ. ಹೆಂಗಸರು ಕಣ್ಣಾರೆ ನೋಡ್ಬೇಕಂತೆ. ನಂಬಲ್ಲ ಅಂತಾರೆ, ಏನ್ ಮಾಡ್ಲಿ?" ಅಕ್ಟೋಬರ್ ೧೧, ಭಾನುವಾರ ಎಂದು ನಿಶ್ಚಯಿಸಿದೆವು.

ನವೆಂಬರ್ ಒಂದಕ್ಕೆ ಸತ್ತವರು ಮನೆಗೆ ಬರುತ್ತಾರೆ. ನಿಕಾನೊರಾಳಿಗೆ ಇದು ಮೊದಲ ವರ್ಷ. ಅವಳ ಎಡೆಯ ಮೇಜಿನ ಮೇಲೆ ಇಡುವ ಗಂಜಿ ಯಂತ್ರದ ಕಿನೋವಾದ್ದೇ ಆಗಬೇಕು. ಮಾತು ಕೊಟ್ಟಿದ್ದೇನೆ.

೧೯ ಸೆಪ್ಟೆಂಬರ್, ಶನಿವಾರ. ಸೊನ್ನೆಗಿಂತ ಒಂದು ಕೆಳಗೆ. ಗಾಳಿ ಇಲ್ಲ.

ಹನ್ನೆರಡನೆಯ ಪ್ರಯೋಗ. ಕಾಳು ಹತ್ತು ಸೇರು, ಹನ್ನೆರಡು ನಿಮಿಷ, ಪೆಡಲು ನಿಮಿಷಕ್ಕೆ ಅರವತ್ತು ಸುತ್ತು. ನಂತರ ನಾನೇ ಗಾಳಿಗೆ ತೂರಿದೆ. ಗಾಜಿನ ಕೊಳವೆಯಲ್ಲಿ ಒಂದು ಚಮಚ ಕಾಳು ಮತ್ತು ನೀರು ಹಾಕಿ ಮೂವತ್ತು ಬಾರಿ ಕುಲುಕಿದೆ. ನೊರೆ ಎಷ್ಟು ಬೆರಳು ನಿಲ್ಲುವುದೋ ಅಷ್ಟು ಕಹಿ.

ಹಿಂದಿನ ಹನ್ನೊಂದು ಪ್ರಯೋಗಗಳಲ್ಲಿ ನೊರೆ ಅರ್ಧ ಬೆರಳನ್ನು ದಾಟಿರಲಿಲ್ಲ.

ಇಂದು ನಾಲ್ಕು ಬೆರಳು.

೨೬ ಸೆಪ್ಟೆಂಬರ್, ಶನಿವಾರ. ಸೊನ್ನೆ ಡಿಗ್ರಿ. ಗಾಳಿ ಚುರುಕು.

ಚೈನು ಬದಲಾಯಿಸಿದೆ. ಅಲಗುಗಳನ್ನು ಬಿಚ್ಚಿ ಮಸೆದೆ. ಕಾಳು ಅದೇ ಹೊಲದ್ದು, ಅದೇ ಮೂಟೆಯದು. ಪ್ರಯೋಗ ಹದಿಮೂರು, ಹದಿನಾಲ್ಕು, ಹದಿನೈದು: ನಾಲ್ಕು ಬೆರಳು, ನಾಲ್ಕು, ನಾಲ್ಕೂಕಾಲು.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿದ್ದೇನೆ. ಹಿಂದಿನ ಪುಟಗಳಲ್ಲಿ ನಾನೇ ಬರೆದದ್ದು: "ಘರ್ಷಣೆಯ ಶಾಖದಿಂದ ಕಾಳಿಗೆ ತಿಳಿಯಾದ ಹೊಂಬಣ್ಣವೂ ಹುರಿದ ಕಾಳಿನ ಪರಿಮಳವೂ ಬರುತ್ತದೆ, ಇದು ಈ ವಿನ್ಯಾಸದ ಅನಿರೀಕ್ಷಿತ ಗುಣ." ಈಗ ಬಣ್ಣವೂ ಇಲ್ಲ, ಪರಿಮಳವೂ ಇಲ್ಲ. ಡ್ರಮ್ಮು ಮುಟ್ಟಿ ನೋಡಿದೆ. ತಣ್ಣಗಿತ್ತು.

ಮಧ್ಯಾಹ್ನ ನಿಕಾನೊರಾಳ ತಂಗಿ ಲೆಯಾಂದ್ರಾ ಸೂಪು ತಂದಳು. ಅಕ್ಕ ಹೋದ ಮೇಲೆ ದಿನವೂ ತರುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ.

"ಭಾವ, ಆ ಕಬ್ಬಿಣದ ಕತ್ತೇನ ಒಂದಿನ ಬಿಡಿ. ಮುಖ ನೋಡ್ಕೊಂಡಿದೀರಾ? ಒಣಗಿಸಿದ ಆಲೂಗಡ್ಡೆ ಥರ ಆಗಿದೆ."

"ಹನ್ನೊಂದನೇ ತಾರೀಖು ಹತ್ರ ಬಂತು."

"ಆ ಮೂಟೆ ನಂಗೆ ಕೊಡಿ. ನಮ್ಮನೆ ಹತ್ರ ಗಾಳಿ ಚೆನ್ನಾಗಿದೆ, ತೂರಿ ತರ್ತೀನಿ."

ತೂರುವುದು ನನಗೂ ಬರುತ್ತದೆ, ನಾನೇನು ಪಟ್ಟಣದವನಲ್ಲ ಎಂದೆ. ಅವಳು ಮೂಟೆಯನ್ನೊಮ್ಮೆ ನೋಡಿ, ಬಟ್ಟಲು ಎತ್ತಿಕೊಂಡು ಹೋದಳು.

೨ ಅಕ್ಟೋಬರ್, ಶುಕ್ರವಾರ. ಎರಡು ಡಿಗ್ರಿ.

ನಾಲ್ಕು ಬೆರಳು.

೫ ಅಕ್ಟೋಬರ್, ಸೋಮವಾರ.

ಹಿಂದಿನ ಹನ್ನೊಂದು ಪ್ರಯೋಗಗಳ ವಿವರವನ್ನು ಸಾಲುಸಾಲಾಗಿ ಮತ್ತೆ ಓದಿದೆ. ವಿಧಾನ ಎಲ್ಲೂ ಬದಲಾಗಿಲ್ಲ. ಒಂದು, ಕಾಳು ಅಳೆದು ಹಾಕಿದ್ದು. ಎರಡು, ಹನ್ನೆರಡು ನಿಮಿಷ ತುಳಿದದ್ದು. ಪೆಡಲಿನ ಮೇಲೆ ನಾನೇ. ಮೂರು, "ನಿ. ತೂರಲು ಒಯ್ದಳು." ನಾಲ್ಕು, ಸಂಜೆ ನೊರೆಯ ಪರೀಕ್ಷೆ. ತೂರಲು ಅವಳು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಐದನೆಯ ಪ್ರಯೋಗದ ಪಕ್ಕದಲ್ಲಿ ಹೀಗೆ ಬರೆದಿದ್ದೇನೆ: "ಎರಡೂವರೆ ಗಂಟೆ. ಗಾಳಿ ಸಾಲಲಿಲ್ಲವಂತೆ." ಎಂಟನೆಯದರ ಪಕ್ಕದಲ್ಲಿ: "ಕಾಲಿನ ಜೇಡಿಮಣ್ಣನ್ನು ಕಾರ್ಯಾಗಾರದ ತುಂಬ ಹರಡಿದಳು. ಶುಚಿತ್ವದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದೇನೆ."

ಎಚ್ಚರಿಕೆ ಕೊಟ್ಟದ್ದು ನೆನಪಿದೆ. ಅವಳು ಬಾಗಿಲಲ್ಲೇ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿಕೊಂಡಳು, ಶಾಲೆಗೆ ತಡವಾಗಿ ಬಂದ ಹುಡುಗಿಯ ಹಾಗೆ. "ಆಯ್ತು ಮೇಷ್ಟ್ರೇ, ಇನ್ಮೇಲೆ ಹಾರ್ಕೊಂಡ್ ಬರ್ತೀನಿ" ಎಂದಳು.

ಇದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

೭ ಅಕ್ಟೋಬರ್, ಬುಧವಾರ. ಒಂದು ಡಿಗ್ರಿ. ಪಡುವಣ ಗಾಳಿ.

ಲೆಯಾಂದ್ರಾಳ ಹಟಕ್ಕೆ ಮಣಿದು ಬೆಳಿಗ್ಗೆ ಯಂತ್ರದಿಂದ ತೆಗೆದ ಕಾಳನ್ನು ತೂರಲು ಕೊಟ್ಟೆ. ಮಧ್ಯಾಹ್ನ ಮೂರಕ್ಕೆ ತಂದುಕೊಟ್ಟಳು.

ಅರ್ಧ ಬೆರಳು! ಮೂರು ಬಾರಿ ಪರೀಕ್ಷಿಸಿದೆ. ಅರ್ಧ ಬೆರಳು, ಹೊಂಬಣ್ಣ, ಪರಿಮಳ.

ದೋಷವಿದ್ದದ್ದು ಯಂತ್ರದಲ್ಲಲ್ಲ, ನಾನು ತೂರುವ ಕ್ರಮದಲ್ಲಿ. ಸಿಪ್ಪೆಯ ಹುಡಿ ಕಾಳಿಗೆ ಅಂಟಿಕೊಂಡೇ ಉಳಿಯುತ್ತಿದ್ದಿರಬೇಕು. ಬಣ್ಣದ ವಿಚಾರ ಇನ್ನೂ ಸ್ಪಷ್ಟವಾಗಿಲ್ಲ. ಆ ಹುಡಿಯೇ ಬಣ್ಣವನ್ನು ಮುಚ್ಚುತ್ತಿತ್ತೆಂದು ತೋರುತ್ತದೆ. ಸೆವೆರೊಗೆ ಕೊಡಬೇಕಾದ ಸೂಚನಾಪತ್ರದಲ್ಲಿ ತೂರುವ ವಿಧಾನಕ್ಕೆ ಒಂದು ಪೂರ್ತಿ ಪುಟ ಮೀಸಲಿಡುತ್ತೇನೆ: ಎಷ್ಟು ಎತ್ತರದಿಂದ, ಗಾಳಿಗೆ ಯಾವ ಓರೆಯಲ್ಲಿ, ಎಷ್ಟು ಬಾರಿ. ಹೆಂಗಸರ ಇಂಥ ಕೈಚಳಕಗಳನ್ನು ಯಾರೂ ಅಳೆದು ಬರೆದಿಡುವುದಿಲ್ಲ. ಅದೇ ನಮ್ಮ ದೊಡ್ಡ ಕೊರತೆ.

ನಾಡಿದ್ದು ಅಳತೆಪಟ್ಟಿ ಹಿಡಿದು ಲೆಯಾಂದ್ರಾಳ ಅಂಗಳಕ್ಕೆ ಹೋಗುವುದು. ಮುಂಚಿತವಾಗಿ ತಿಳಿಸಬಾರದು, ತಿಳಿಸಿದರೆ ಸಹಜವಾಗಿ ತೂರುವುದಿಲ್ಲ.

೯ ಅಕ್ಟೋಬರ್, ಶುಕ್ರವಾರ.

ಬೆಳಿಗ್ಗೆ ಇನ್ನೊಂದು ಮೂಟೆ ಕೊಟ್ಟು ಕಳಿಸಿದೆ. ಒಂದು ಗಂಟೆಯ ನಂತರ ಹಿಂದೆಯೇ ಹೋದೆ.

ಲೆಯಾಂದ್ರಾ ತೂರುತ್ತಿರಲಿಲ್ಲ. ನೆರಿಗೆಯ ಲಂಗವನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಗೋಡೆಗೆ ಎರಡೂ ಕೈ ಊರಿ, ಕಲ್ಲುತೊಟ್ಟಿಯೊಳಗೆ ನಿಂತಿದ್ದಳು. ಪಕ್ಕದಲ್ಲಿ ಒಲೆ, ಒಲೆಯ ಮೇಲೆ ಹುರಿಯುವ ಹಂಚು. ತೊಟ್ಟಿಯಿಂದ ಹಬೆ ಏಳುತ್ತಿತ್ತು. ಅವಳ ಪಾದಗಳು ಕಣಕಾಲಿನ ತನಕ ಬೆಳ್ಳಗಿದ್ದವು.

"ಲೆಯಾಂದ್ರಾ, ಏನಿದು?"

ತಿರುಗಿ ನೋಡಿದಳು. ಕಾಲು ಮಾತ್ರ ನಿಲ್ಲಿಸಲಿಲ್ಲ. ಸೊಕ್ಕು ಎಂದುಕೊಂಡೆ.

"ತೂರ್ತಾ ಇದ್ದೀನಿ ಭಾವ."

"ಇದು ತೂರೋದಾ?"

"ಅಲ್ಲ."

"ಮೊನ್ನೆ ಕೊಟ್ಟ ಕಾಳಿಗೂ ಹೀಗೇ ಮಾಡಿದ್ಯಾ?"

"ಹೂಂ."

"ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ಅಕ್ಕ ಮಾಡ್ತಿದ್ಲು, ನಾನೂ ಮಾಡ್ದೆ. ಇದೇ ತೊಟ್ಟಿ."

ಎಷ್ಟು ಸಲ ಎಂದು ಕೇಳಿದೆ. ಲೆಕ್ಕ ಕೇಳುವ ಅಭ್ಯಾಸ.

"ನಿಮ್ ಪುಸ್ತಕದಲ್ಲಿ ಎಷ್ಟು ಸಲ ಇದ್ಯೋ ಅಷ್ಟೂ ಸಲ."

ಅಳತೆಪಟ್ಟಿ ನನ್ನ ಕೈಯಲ್ಲೇ ಇತ್ತು. ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಯಾಕೆ ಹೇಳಲಿಲ್ಲ ಎಂದೆ.

"ಹೇಳ್ಬೇಕಿತ್ತಾ? ಎರಡನೇದು ಕೆಟ್ಟಾಗ ನಾಲ್ಕು ದಿನ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡ್ಕೊಂಡ್ ಮಲಗಿದ್ರಲ್ಲ, ಯಾರ ಹತ್ರಾನಾದ್ರೂ ಮಾತಾಡಿದ್ರಾ? ಮೂರನೇದ್ರ ಮೊದಲನೇ ಕಾಳು ಬಾಯಿಗೆ ಹಾಕ್ಕೊಂಡು ಅಕ್ಕ ಇಲ್ಲಿಗೆ ಬಂದ್ಲು. ಲೆಯಾ, ವಿಷ ಇದ್ದಂಗಿದೆ ಕಣೇ, ಅವರಿಗೆ ಹೇಳೋಕಾಗಲ್ಲ ಅಂದ್ಲು. ಹಂಚು ಕೊಡು ಅಂದ್ಲು. ನಗ್ತಾನೇ ತುಳಿದ್ಲು. ಒಂದೇ ಸಲ, ಆಮೇಲೆ ಸರಿ ಮಾಡ್ಕೋತಾರೆ ಅಂದ್ಲು. ಆಮೇಲೆ ನೀವು ಸರಿಯಾಗಿದೆ ಅಂತ ಊರೆಲ್ಲ ಹೇಳ್ಕೊಂಡ್ ಬಂದ್ರಿ."

"ಅವಳ ಮಂಡಿ..."

"ಮಂಡಿ ಗೊತ್ತಿರ್ಲಿಲ್ವಾ ಅವಳಿಗೆ? ಅವಳದ್ದೇ ಮಂಡಿ." ಆಗ ಲೆಯಾಂದ್ರಾ ತುಳಿಯುವುದನ್ನು ನಿಲ್ಲಿಸಿದಳು. "ಎರಡು ಸಲದ ಕೆಲಸ ಆಗ್ತಿತ್ತು ಭಾವ, ಮನೆಗೊಂದು ಸಲ, ನಿಮ್ ಪುಸ್ತಕಕ್ಕೊಂದು ಸಲ. ನಿಮ್ ಯಂತ್ರ ಬಂದ್ಮೇಲೆ."

೧೦ ಅಕ್ಟೋಬರ್

ಹನ್ನೊಂದನೆಯ ಪ್ರಯೋಗ: ಮೇ ೨೯. ಬೆಳಿಗ್ಗೆ ಸೊನ್ನೆಗಿಂತ ಒಂಬತ್ತು ಕೆಳಗೆ. ನಿ. ತೂರಲು ಒಯ್ದಳು. ಮೂರು ಗಂಟೆ. ನೊರೆ ಅರ್ಧ ಬೆರಳಿಗೂ ಕಡಿಮೆ. ಈವರೆಗಿನ ಅತ್ಯುತ್ತಮ ಫಲಿತಾಂಶ.

ಜೂನ್ ೩: ಜ್ವರ.

೧೧ ಅಕ್ಟೋಬರ್

ಅವರು ಬಂದರು. ಸೆವೆರೊನ ಲಾರಿಯಲ್ಲಿ ಹದಿನಾಲ್ಕು ಮಂದಿ ಹೆಂಗಸರು, ಒಬ್ಬೊಬ್ಬರ ಬೆನ್ನ ಮೇಲೂ ಕಾಳಿನ ಗಂಟು. ಲೆಯಾಂದ್ರಾ ಬೆಳಿಗ್ಗೆಯೇ ಬಂದು, ನನ್ನ ಮುಖ ನೋಡದೆ, "ಒಂದು ಮೂಟೆ ಸಿದ್ಧವಾಗಿದೆ ಭಾವ. ಬೇಕಾದ್ರೆ ಅದನ್ನೇ ತೋರ್ಸಿ" ಎಂದಿದ್ದಳು. ಆ ಮೂಟೆ ಬಾಗಿಲ ಹಿಂದೆ ಇತ್ತು.

ಅಂಗಳದಲ್ಲಿ ನಿಂತು, ಮೂವತ್ತೊಂದು ವರ್ಷ ತರಗತಿಯ ಮುಂದೆ ನಿಂತ ಹಾಗೆಯೇ ನಿಂತು, ಹೇಳಿದೆ: ಯಂತ್ರ ಕಹಿಯನ್ನು ತೆಗೆಯುವುದಿಲ್ಲ. ಎಂದೂ ತೆಗೆದಿರಲಿಲ್ಲ. ತೆಗೆದದ್ದು ನನ್ನ ಹೆಂಡತಿಯ ಕಾಲು. ನನಗೆ ತಿಳಿದಿರಲಿಲ್ಲ. ಒಟ್ಟು ನಾಲ್ಕು ವಾಕ್ಯ.

ಸೆವೆರೊ ಟೋಪಿ ತೆಗೆದ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯಳಾದ ಸಾತುಕಾ ಅಜ್ಜಿ ಡ್ರಮ್ಮಿನೊಳಗೆ ಕೈ ಹಾಕಿ, ನಾಲ್ಕು ಕಾಳು ಅಗಿದು, ಅಲ್ಲಿಯೇ ಉಗಿದಳು.

"ಥೂ! ಅಷ್ಟು ದೂರದಿಂದ ಲಾರೀಲಿ ಸೊಂಟ ಮುರ್ಕೊಂಡ್ ಬಂದಿದ್ದು ಇದಕ್ಕಾ ಮೇಷ್ಟ್ರೇ?"

"ಹೌದಮ್ಮ" ಎಂದೆ.

"ಕಾಳು ಬಿಸಿಬಿಸಿ ಹಾಕಿದ್ರಾ?"

"ಇಲ್ಲ. ಹಸಿ ಕಾಳು."

"ಹಸಿ ಕಾಳಾ!" ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದುರುದ್ದೇಶದ ನಗುವಲ್ಲ, ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡವನನ್ನು ಕಂಡ ನಗು. "ಅಯ್ಯೋ ನನ್ನಪ್ಪ, ಹುರಿದ್ರಲ್ವಾ ಸಿಪ್ಪೆ ಬಿರಿಯೋದು? ಬಿಸಿ ಇರೋವಾಗ್ಲೇ ತುಳೀಬೇಕು. ನಿಮ್ ಹೆಂಡ್ತಿ ಹೇಳ್ಲಿಲ್ವಾ?"

ಅವರು ಹೋದ ಮೇಲೆ ಪೆಟ್ಟಿಗೆಯಿಂದ ಮೊದಲನೆಯ ಯಂತ್ರದ ಟಿಪ್ಪಣಿಪುಸ್ತಕವನ್ನು ತೆಗೆದೆ. ಹನ್ನೊಂದು ವರ್ಷ ಹಳೆಯದು. ನಾಲ್ಕನೆಯ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ: "ಕಾಳು ಬಿಸಿಯಿರುವಾಗಲೇ ಯಂತ್ರಕ್ಕೆ ಹಾಕಬೇಕೆಂದು ನಿ. ಹೇಳುತ್ತಾಳೆ. ಇದಕ್ಕೆ ಆಧಾರವಿಲ್ಲ. ಸೌದೆಯ ಅಪವ್ಯಯ."

"ಆಧಾರವಿಲ್ಲ" ಎಂಬುದರ ಅಡಿಯಲ್ಲಿ ಕೆಂಪು ಗೆರೆ.

೨೦ ಅಕ್ಟೋಬರ್

ಗಂಡಸು ಕಲ್ಲುತೊಟ್ಟಿಗೆ ಇಳಿಯುವ ರೂಢಿ ನಮ್ಮಲ್ಲಿಲ್ಲ. ಇಳಿದೆ.

"ಪ್ಯಾಂಟು ಇನ್ನೂ ಮೇಲೆ ಮಡಚಿ ಭಾವ. ನಿಮ್ಮ ಕಾಲನ್ನ ಯಾರೂ ಕದ್ಕೊಂಡ್ ಹೋಗಲ್ಲ" ಎಂದಳು ಲೆಯಾಂದ್ರಾ. ಹಂಚಿನಿಂದ ನೇರವಾಗಿ ಕಾಳು ಸುರಿದಳು, ಮೇಲೆ ಒಂದು ಹಿಡಿ ಜೇಡಿಮಣ್ಣು. ಹೌಹಾರಿ ಹೊರಗೆ ಹಾರಿದೆ. ಅವಳು ಗೋಡೆಗೊರಗಿ ನಕ್ಕಳು. ಅಕ್ಕ ಸತ್ತ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ಸೈನಿಕನ ಥರ ಕುಟ್ಟಬೇಡಿ. ಹಿಮ್ಮಡಿ ಊರಿ ತಿರುವಬೇಕು. ಹಾಂ, ಹಾಗೆ. ನಿಲ್ಲಿಸ್ಬೇಡಿ, ಆರಿಹೋದ್ರೆ ಕಾಳು ಮತ್ತೆ ಮುಚ್ಕೊಳತ್ತೆ."

ಅಂದು ಅವಳು ಕಾಲು ನಿಲ್ಲಿಸದೆ ಮಾತಾಡಿದ್ದು ಅದಕ್ಕೆ.

ಯಾವಾಗ ನಿಲ್ಲಿಸುವುದು, ಎಷ್ಟು ನಿಮಿಷ ಎಂದು ಕೇಳಿದೆ. "ನಿಮಿಷ ಯಾರಿಗ್ಗೊತ್ತು? ಅಂಗಾಲಿನ ಕೆಳಗೆ ಕಾಳು ಜಾರೋಕೆ ಶುರು ಆಗತ್ತೆ, ಎಣ್ಣೆ ಹಚ್ಚಿದ ಹಾಗೆ. ಆಗ ಸಾಕು." ಹದಿನೆಂಟು ನಿಮಿಷಕ್ಕೆ ನನ್ನ ಎಡಮಂಡಿ ಕೈಕೊಟ್ಟಿತು. ಕಾಳು ಜಾರಲು ಶುರುವಾಗಿರಲಿಲ್ಲ. ಲೆಯಾಂದ್ರಾ ಹೇಳಿದಳು, ಅಕ್ಕ ಒಂದು ತೊಟ್ಟಿಗೆ ಅರ್ಧ ಗಂಟೆ ನಿಲ್ಲುತ್ತಿದ್ದಳಂತೆ, ಹತ್ತು ಸೇರಿಗೆ ನಾಲ್ಕು ತೊಟ್ಟಿ. ನಾನು ಮನೆಯಲ್ಲಿ ಗಾಜಿನ ಕೊಳವೆ ತೊಳೆದಿಟ್ಟು ಕಾಯುತ್ತಿದ್ದೆ.

೨೮ ಅಕ್ಟೋಬರ್

ಕಬ್ಬಿಣದ ಅಲಗುಗಳನ್ನು ಕಿತ್ತು, ಆ ಜಾಗಕ್ಕೆ ಹಳೆಯ ಲಾರಿ ಟೈರಿನ ದಪ್ಪ ಪಟ್ಟಿಗಳನ್ನು ಬಿಗಿದೆ. ಹಿಮ್ಮಡಿಯಂತೆ ಒತ್ತಿ ತಿರುವುವ ಹಾಗೆ. ಡ್ರಮ್ಮಿನ ಒಳಮೈಗೆ ಒರಟು ಕಲ್ಲಿನ ಚೂರುಗಳನ್ನು ಕೂರಿಸಿದೆ. ಡ್ರಮ್ಮಿನ ಬದಿಯಲ್ಲೊಂದು ಕಿಂಡಿ ಕೊರೆದಿದ್ದೇನೆ, ನಡುನಡುವೆ ಕೈ ಹಾಕಿ ಕಾಳು ಮುಟ್ಟಿ ನೋಡುವುದಕ್ಕೆ. ಲೆಯಾಂದ್ರಾ ಹುರಿದಳು, ನಾನು ಪೆಡಲು ತುಳಿದೆ, ಎಷ್ಟು ಹೊತ್ತು ಎಂದು ಅವಳನ್ನೇ ಕೇಳಿದೆ. "ಇನ್ನೂ ಸ್ವಲ್ಪ" ಎನ್ನುತ್ತಲೇ ಇದ್ದಳು. ಅವಳೇ ಸಾಕು ಎಂದಾಗ ನಿಲ್ಲಿಸಿದೆ.

ಎರಡೂವರೆ ಬೆರಳು.

"ನಾಲ್ಕಿತ್ತಲ್ಲ" ಎಂದಳು.

"ಅರ್ಧ ಆಗ್ಬೇಕು."

"ಆಗತ್ತೆ. ಅವಸರ ಯಾರಿಗೆ ಈಗ?"

ಯಾರಿಗೂ ಇಲ್ಲ.

ಹನ್ನೊಂದು ಪ್ರಯೋಗಗಳ ಪುಟಗಳನ್ನು ತಿದ್ದಿದೆ. "ಮೂರನೆಯ ಯಂತ್ರ" ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ "ನಿಕಾನೊರಾ" ಎಂದು ಬರೆದೆ. ಹನ್ನೊಂದು ಬಾರಿ. ಮೊದಲಕ್ಷರ ಮಾತ್ರವಲ್ಲ, ಪೂರ್ತಿ ಹೆಸರು.

೧ ನವೆಂಬರ್

ಮೇಜು ಸಿದ್ಧವಾಯಿತು. ಕಪ್ಪು ಬಟ್ಟೆ, ಸತ್ತವರು ಇಳಿದು ಬರಲೆಂದು ಏಣಿಯ ಆಕಾರದ ಬ್ರೆಡ್ಡು, ಬ್ರೆಡ್ಡಿನ ಗೊಂಬೆಗಳು, ಕಬ್ಬಿನ ಜಲ್ಲೆ, ಜಗಿಯುವ ಕೋಕಾ ಎಲೆ, ನಿಕಾನೊರಾ, ನಿನಗೆ ಇಷ್ಟವಾದ ಸಣ್ಣ ಕೆಂಪು ಆಲೂಗಡ್ಡೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ಎಲ್ಲ ಇಟ್ಟಿರಬೇಕು ಎಂದು ಲೆಯಾಂದ್ರಾ ಗಡಿಬಿಡಿ ಮಾಡುತ್ತಿದ್ದಳು. ಕೊನೆಯಲ್ಲಿ ಗಂಜಿಯ ಪ್ರಶ್ನೆ ಬಂತು. ಒಲೆಯ ಮೇಲೆ ಎರಡು ಮಡಕೆ: ಒಂದರಲ್ಲಿ ಅವಳು ತುಳಿದ ಕಾಳು, ಇನ್ನೊಂದರಲ್ಲಿ ಯಂತ್ರದ್ದು. ಯಂತ್ರದ್ದು ನಿನ್ನೆಗೆ ಎರಡು ಬೆರಳಿಗೆ ಇಳಿದಿದೆ. ನೀರಲ್ಲಿ ತೊಳೆಯೋಣವೇ ಎಂದು ಲೆಯಾಂದ್ರಾ ಕೇಳಿದಳು. ಬೇಡವೆಂದೆ. ತೊಳೆಯದೆ ಬೇಯಿಸಿದರೆ ನಾಲಗೆ ಹಿಂಡುವಷ್ಟು ಕಹಿ.

ನಾನು ಯಂತ್ರದ ಗಂಜಿಯನ್ನು ಬಟ್ಟಲಿಗೆ ಬಡಿಸಿದೆ. ಮೇಲೆ ಗಿಣ್ಣು ಹಾಕಿದೆ.

"ಭಾವ, ಬೇಡ. ನನ್ನದನ್ನ ಇಡಿ. ವರ್ಷಕ್ಕೊಂದೇ ಸಲ ಬರೋದು. ಅಷ್ಟು ದೂರದಿಂದ ನಡ್ಕೊಂಡ್ ಬಂದು, ಹಸ್ಕೊಂಡಿರ್ತಾಳೆ. ಇದನ್ನ ಬಾಯಿಗಿಟ್ರೆ ಅಕ್ಕ ಉಗುಳ್ತಾಳೆ."

"ಉಗುಳಲಿ."

"ಏನಂದ್ರಿ?"

"ಈ ಸಲವಾದ್ರೂ ಉಗುಳಲಿ, ಲೆಯಾ."

ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಮುಖ ಒರೆಸಿಕೊಂಡು, ತಾನು ತುಳಿದ ಕಾಳಿನ ಮಡಕೆಯನ್ನು ಒಲೆಯಿಂದ ಕೆಳಗಿಳಿಸಿದಳು. ಬಟ್ಟಲು ಮೇಜಿನ ನಟ್ಟನಡುವೆ ಇತ್ತು. ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಒಂದು ದೊಡ್ಡ ನೊಣ ಒಳಗೆ ಬಂದು ಹೂಜಿಯ ಮೇಲೆ ಕೂತಿತು. ಲೆಯಾಂದ್ರಾ ಅದಕ್ಕೆ "ಬಾರಕ್ಕ" ಎಂದಳು. ನಾನು ಎದ್ದು ನಿಂತೆ. ಅರಿವಿಲ್ಲದೆಯೇ ಕಾಲಿನ ಜೇಡಿಮಣ್ಣನ್ನು ಒಂದರಿಂದ ಇನ್ನೊಂದಕ್ಕೆ ಉಜ್ಜಿಕೊಳ್ಳುತ್ತಿದ್ದೆ.

೨ ನವೆಂಬರ್

ಮಧ್ಯಾಹ್ನಕ್ಕೆ ನೀನು ಹೊರಟೆ. ಮೇಜನ್ನು ಬಿಚ್ಚಿ, ಪ್ರಾರ್ಥನೆ ಹೇಳಿದವರಿಗೆಲ್ಲ ಹಂಚಿದೆವು. ಸತ್ತವರು ತಿಂದುಹೋದ ಪದಾರ್ಥದಲ್ಲಿ ರುಚಿ ಉಳಿಯುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಇದಕ್ಕೆ ಆಧಾರವಿಲ್ಲವೆಂದು ನಾನು ಶಾಲೆಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ. ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡೆ: ಸಪ್ಪೆ. ಕಬ್ಬು ಸಪ್ಪೆ. ಕೆಂಪು ಆಲೂಗಡ್ಡೆ, ಮಣ್ಣು ತಿಂದ ಹಾಗೆ.

ಗಂಜಿಯ ಬಟ್ಟಲನ್ನು ಯಾರಿಗೂ ಕೊಡದೆ ನಾನೇ ಇಟ್ಟುಕೊಂಡೆ. ಎಲ್ಲರೂ ಹೋದ ಮೇಲೆ ಒಂದು ಚಮಚ ತಿಂದೆ. ಇನ್ನೊಂದು ತಿಂದೆ. ಪೂರ್ತಿ ತಿಂದು ಮುಗಿಸಿದೆ. ಫಲಿತಾಂಶವನ್ನು ದಾಖಲಿಸುತ್ತೇನೆ.

ಮೂರನೆಯ ಯಂತ್ರ, ಟೈರಿನ ಪಟ್ಟಿ, ಹುರಿದ ಕಾಳು: ನೊರೆ ಎರಡು ಬೆರಳು. ಕಹಿ ನಿನ್ನೆಗಿಂತ ಒಂದಿಷ್ಟೂ ಕಡಿಮೆಯಾಗಿಲ್ಲ.

ನಿಕಾನೊರಾ: ಮುಟ್ಟಿಲ್ಲ.